ಹದಿಮೂರು ತುಂಡಿನ ಬಲೆ

೧೨ ನವೆಂಬರ್ ೧೯೭೯, ಸೋಮವಾರ

ಇವತ್ತು ಹೆಡ್‌ಮಾಸ್ಟ್ರು ಕರೆದರು. ಕರೆಯುತ್ತಾರೆ ಎಂದ ಕೂಡಲೇ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ಸೂಜಿ ಡಬ್ಬದಲ್ಲಿ ಎರಡು ಸೂಜಿ ಕಡಿಮೆ ಇರುವುದು ಗೊತ್ತಾಯಿತೋ, ಹೊಲಿಗೆ ಕ್ಲಾಸೇ ಬೇಡವೆಂದು ಮೆನೇಜ್‌ಮೆಂಟಿನವರು ಹೇಳಿದರೋ ಎಂದು ಯೋಚಿಸುತ್ತಲೇ ವರಾಂಡ ದಾಟಿದೆ. ವಿಷಯ ಅದಲ್ಲ. ಅದಕ್ಕಿಂತ ಕೆಟ್ಟದ್ದು.

ಸಮಾಜ ಪಾಠದ ಸ್ಟ್ಯಾನಿಸ್ಲಾಸ್ ಮಾಸ್ಟ್ರು ಶನಿವಾರ ಸೈಕಲಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಾರೆ. ಮಣಿಪಾಲದ ಆಸ್ಪತ್ರೆಯಲ್ಲಿ ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದಾರಂತೆ. ಎರಡು ತಿಂಗಳು ಏಳುವ ಹಾಗಿಲ್ಲ. ಬೇರೆ ಮಾಸ್ಟ್ರುಗಳಿಗೆಲ್ಲ ಪಿರಿಯಡ್ ತುಂಬಿದೆ, ಮೇಲಿಂದ ಇಲೆಕ್ಷನ್ ಡ್ಯೂಟಿ ಬೇರೆ. ಖಾಲಿ ಇರುವವಳು ನಾನೊಬ್ಬಳೇ. ಎಂಟನೇ ಕ್ಲಾಸಿಗೆ ನೀವು ಹೋಗಿ ಎಂದರು ಧರ್ಮಪಾಲ ಹೆಡ್‌ಮಾಸ್ಟ್ರು. ಪಾಠ ಮಾಡುವುದು ಬೇಡವಂತೆ, ಪುಸ್ತಕ ಓದಿಸಿದರೆ ಸಾಕಂತೆ. ಜನವರಿಯಲ್ಲಿ ಇನ್‌ಸ್ಪೆಕ್ಷನ್ ಉಂಟು, ಅಷ್ಟರೊಳಗೆ ಅಮೆರಿಕದ ಪಾಠ ಮುಗಿದಿರಬೇಕು.

ನಾನು ಎಸ್‌ಎಸ್‌ಎಲ್‌ಸಿ ಎರಡು ಸಲ ಫೇಲಾದವಳು ಎಂದು ಅವರಿಗೆ ಗೊತ್ತಿಲ್ಲ. ಸುಳ್ಳು ಹೇಳಿ ಸೇರಿದ್ದಲ್ಲ. ಹೊಲಿಗೆಯ ಸರ್ಟಿಫಿಕೇಟು ಕೇಳಿದರು, ಕೊಟ್ಟೆ. ಮತ್ತೆಂತ ಕೇಳಲಿಲ್ಲ. ಐದು ವರ್ಷದಿಂದ ಯಾರಾದರೂ ಕೇಳುತ್ತಾರೆಂದು ಹೆದರಿಕೊಂಡೇ ಬಂದಿದ್ದೇನೆ. ಕೆಲಸಕ್ಕೆ ಸೇರಿದ ದಿನ ಈ ಪುಸ್ತಕದ ಮೊದಲ ಹಾಳೆಯಲ್ಲಿ ನನಗೆ ನಾನೇ ಕಟ್ಟಳೆ ಬರೆದುಕೊಂಡಿದ್ದೆ. ಈಗ ತಿರುಗಿ ಓದಿದೆ. ಸಂತೆಕಟ್ಟೆಯಿಂದ ಏಳೂವರೆಯ ಬಸ್ಸನ್ನೇ ಹಿಡಿಯಬೇಕು, ಆಮೇಲಿನದ್ದು ದಾರಿಯಲ್ಲಿ ಕೆಟ್ಟು ನಿಲ್ಲಬಹುದು. ಸ್ಟಾಫ್ ರೂಮಿನಲ್ಲಿ ಕೇಳಿದರೆ ಮಾತ್ರ ಮಾತು. ಬೋರ್ಡಿನ ಮೇಲೆ ಬರೆಯಬಾರದು, ತಪ್ಪಾದರೆ ಎಲ್ಲರಿಗೂ ಕಾಣುತ್ತದೆ. ಎಷ್ಟು ಓದಿದ್ದೀರಿ ಎಂಬ ಮಾತು ಬರುವ ಮೊದಲೇ ಅಲ್ಲಿಂದ ಏಳಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬಾರದು, ಕೆಮ್ಮಬೇಕು.

ಈ ಐದರಲ್ಲಿ ಇಷ್ಟು ವರ್ಷ ಬಚಾವಾದೆ. ಇನ್ನು ದೇವರೇ ಗತಿ.

೧೫ ನವೆಂಬರ್, ಗುರುವಾರ

ಮೂವತ್ತೊಂಬತ್ತು ಮಕ್ಕಳು. ಹೊಲಿಗೆಗೆ ಬರುವ ಹುಡುಗಿಯರು ನನ್ನನ್ನು ನೋಡಿ ದಾರದ ಉಂಡೆ ತೆಗೆದರು. ಅದನ್ನು ಒಳಗೆ ಇಡಿ ಎಂದು ಹೇಳುವಾಗ ನನಗೇ ನಾಚಿಕೆ.

ಓದಿಸಿದೆ. ಅಮೆರಿಕದ ಹದಿಮೂರು ವಸಾಹತುಗಳು ಇಂಗ್ಲೆಂಡಿನ ರಾಜನೊಡನೆ ಯುದ್ಧ ಮಾಡಿ ಸ್ವತಂತ್ರವಾದವು. ಒಂದು ಸಂವಿಧಾನ ಬರೆದುಕೊಂಡವು. ಅದು ದುರ್ಬಲವಾಗಿತ್ತು, ಆದ್ದರಿಂದ ೧೭೮೭ರಲ್ಲಿ ಹೊಸದನ್ನು ಬರೆದವು. ಅಷ್ಟೇ, ಅರ್ಧ ಪುಟ. ಕಾಲು ಗಂಟೆಯಲ್ಲಿ ಮುಗಿಯಿತು, ಇನ್ನೂ ಅರ್ಧ ಗಂಟೆ ಉಳಿಯಿತು. ಇನ್ನೊಮ್ಮೆ ಓದಿ ಎಂದೆ.

ಎರಡನೇ ಸಲ ಓದುವಾಗ ವಾರಿಜಾ ಎದ್ದು ನಿಂತಳು. ಕಡಲ ಕರೆಯ, ದಡದ ಮೇಲಿನ ಮನೆಯವಳು, ಅವಳ ಅಜ್ಜ ರಂಪಣಿ ಬಲೆಯ ಮೀನುಗಾರಿಕೆಯಲ್ಲಿ ದೊಡ್ಡ ಹೆಸರಿನವರು. ಅವಳು ಕೇಳಿದ್ದು ಇಲ್ಲಿ ಹಾಗೆಯೇ ಬರೆಯುತ್ತೇನೆ: “ದುರ್ಬಲ ಅಂತ ಗೊತ್ತಿದ್ದರೆ ಮೊದಲು ಯಾಕೆ ಬರೆದದ್ದು ಟೀಚರ್? ರಾಜನನ್ನು ಸೋಲಿಸಿದವರಿಗೆ ಅಷ್ಟೂ ಬುದ್ಧಿ ಇರಲಿಲ್ವಾ?”

ನಾನು ಕೆಮ್ಮಿದೆ.

ಎಷ್ಟು ಹೊತ್ತು ಕೆಮ್ಮುವುದು. ಕೊನೆಗೆ ಹಿಂದಿನ ಬೆಂಚಿನ ಜೆಸ್ಸಿ ಓಡಿ ಹೋಗಿ ನೀರು ತಂದುಕೊಟ್ಟಳು.

೧೮ ನವೆಂಬರ್, ಭಾನುವಾರ

ಚರ್ಚಿನ ಪೂಜೆ ಮುಗಿಸಿ ಮಣಿಪಾಲಕ್ಕೆ ಹೋದೆ. ಸ್ಟ್ಯಾನಿಸ್ಲಾಸ್ ಮಾಸ್ಟ್ರು ಮಲಗಿದ್ದಲ್ಲಿಯೇ ನಕ್ಕರು. ಕಾಲು ಮೇಲೆ, ತಲೆ ಕೆಳಗೆ, ಕನ್ನಡಕ ಹಣೆಯ ಮೇಲೆ. ಪಕ್ಕದ ಮಂಚದ ಕಾರ್ಕಳದ ಮುದುಕರೊಬ್ಬರಿಗೆ ಪಾಣಿಪತ್ ಯುದ್ಧ ಹೇಳುತ್ತಿದ್ದರು. ಮೂರನೆಯದು ನಡೆಯುತ್ತಿತ್ತು. ಮುದುಕರು ನೋವು ಮರೆತು ಯಾರು ಗೆದ್ದರು ಎಂದು ಕೇಳುತ್ತಿದ್ದರು. ಈ ಮನುಷ್ಯನಿಗೆ ಕಾಲು ಮುರಿದರೂ ಪಾಠ ನಿಲ್ಲುವುದಿಲ್ಲ.

ವಾರಿಜಾ ಕೇಳಿದ್ದನ್ನು ಹೇಳಿದೆ. ನಾನು ಕೆಮ್ಮಿದ್ದನ್ನು ಹೇಳಲಿಲ್ಲ. ಮಾಸ್ಟ್ರಿಗೆ ಎಷ್ಟು ಖುಷಿಯಾಯಿತೆಂದರೆ ಏಳಲು ಹೋಗಿ ನರ್ಸಿನಿಂದ ಬೈಸಿಕೊಂಡರು. ಹದಿನೆಂಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದವಳು ಅವಳೊಬ್ಬಳೇ ಅಂತೆ.

ಅವರು ಉತ್ತರ ಹೇಳಲಿಲ್ಲ. “ಒಲಿಂಡಾ, ಒಬ್ಬ ಕೆಟ್ಟ ಧಣಿಯ ಕೈಯಿಂದ ಇವತ್ತು ತಪ್ಪಿಸಿಕೊಂಡು ಬಂದಿದ್ದೀರಿ. ನಾಳೆ ಬೆಳಿಗ್ಗೆಯೇ ಇನ್ನೊಬ್ಬ ಧಣಿಯನ್ನು ಇಟ್ಟುಕೊಳ್ಳುತ್ತೀರಾ?” ಎಂದು ಕೇಳಿದರು. ಇಲ್ಲ ಎಂದೆ. “ಹಾಗೆಯೇ ಅವರೂ. ಅದು ಬುದ್ಧಿ ಇಲ್ಲದೆ ಬರೆದದ್ದಲ್ಲ, ಹೆದರಿ ಬರೆದದ್ದು. ಹೆದರಿದವರು ಬಹಳ ಜಾಗ್ರತೆಯಿಂದ ಬರೆಯುತ್ತಾರೆ.”

ಆಮೇಲೆ ಒಂದೊಂದೇ ಹೇಳಿದರು. ರಾಜ ಬೇಡವೆಂದು ಮುಖ್ಯಸ್ಥನನ್ನೇ ಇಡಲಿಲ್ಲ. ರಾಜ ತೆರಿಗೆ ಹಾಕಿದ ಸಿಟ್ಟಿಗೆ ಒಕ್ಕೂಟಕ್ಕೆ ತೆರಿಗೆಯ ಅಧಿಕಾರವನ್ನೇ ಕೊಡಲಿಲ್ಲ. ಹದಿಮೂರು ರಾಜ್ಯಕ್ಕೂ ಅದರದ್ದದರದ್ದೇ ಕಾನೂನು. ಒಂದಕ್ಕೊಂದು ಜಗಳವಾದರೆ ತೀರ್ಪು ಕೊಡಲು ನ್ಯಾಯಾಲಯ ಇಲ್ಲ. ಇದನ್ನು ತಿದ್ದಬೇಕಾದರೆ ಹದಿಮೂರೂ ಒಪ್ಪಬೇಕು. ಹನ್ನೆರಡು ಒಪ್ಪಿದರೆ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ ಒಪ್ಪುವುದಿಲ್ಲ. ಕೊನೆಗೆ ಐವತ್ತೈದು ಜನ ಬೇಸಿಗೆಯ ಸೆಕೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂತರು. ರಿಪೇರಿಗೆಂದು ಸೇರಿದವರು ಹೊಸದನ್ನೇ ಬರೆದು ಎದ್ದರು.

ನಾನು ಬಾಯಿ ತಪ್ಪಿ ಒಂದು ಮಾತು ಹೇಳಿದೆ. ಒಳಗೆ ಬಟ್ಟೆ ಬಿಡದೆ ಹೊಲಿದ ರವಿಕೆಯ ಹಾಗೆ ಅಲ್ವಾ ಮಾಸ್ಟ್ರೇ, ಮೈ ಬೆಳೆದರೆ ಬಿಚ್ಚಿ ದೊಡ್ಡದು ಮಾಡಲು ಜಾಗವೇ ಇಲ್ಲ, ಹೊಸದೇ ಹೊಲಿಯಬೇಕು. ಹೇಳಿ ನಾಲಿಗೆ ಕಚ್ಚಿಕೊಂಡೆ. ಮಾಸ್ಟ್ರು ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿ ನನ್ನನ್ನು ನೋಡಿದರು. ಇದು ನಿಮಗೆ ಯಾವ ಪುಸ್ತಕದಲ್ಲಿ ಸಿಕ್ಕಿತು ಎಂದು ಕೇಳಿದರು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

೨೧ ನವೆಂಬರ್, ಬುಧವಾರ

ಏಳೂವರೆಯ ಬಸ್ಸಿನಲ್ಲಿ ಬಂದರೆ ಶಾಲೆಯ ಬಾಗಿಲು ತೆಗೆಯುವ ಮೊದಲು ಒಂದು ಗಂಟೆಗಿಂತ ಹೆಚ್ಚು ಸಮಯ ಇರುತ್ತದೆ. ಇಷ್ಟು ವರ್ಷ ಬೀಗ ಹಾಕಿದ ಬಾಗಿಲ ಮುಂದೆಯೇ ಕೂರುತ್ತಿದ್ದೆ. ಇವತ್ತು ಕೂತಲ್ಲಿ ಪಾಠದ ಚಿಂತೆ ಹೆಚ್ಚಾಗಿ ಕಾಪು ದೀಪಸ್ತಂಭದ ಕಡೆ ನಡೆದೆ. ಮರಳಿನ ಮೇಲೆ ರಂಪಣಿ ಎಳೆಯುತ್ತಿದ್ದರು.

ದೋಣಿಯಲ್ಲಿ ಬಲೆಯನ್ನು ಕಡಲಿಗೆ ಬಳಸಿ ಬಿಟ್ಟು, ಎರಡು ತುದಿಯ ಹಗ್ಗವನ್ನು ದಡದಿಂದ ಎಳೆಯುವುದು. ಎಪ್ಪತ್ತು ಎಂಬತ್ತು ಜನ ಇದ್ದಿರಬೇಕು. ಒಂದೇ ಬಲೆ ಎಂದು ನಾನು ತಿಳಿದಿದ್ದೆ. ಹತ್ತಿರದಿಂದ ನೋಡಿದರೆ ತುಂಡು ತುಂಡು. ಮೀನು ಹೆಕ್ಕುತ್ತಿದ್ದ ಹೆಂಗಸನ್ನು ಕೇಳಿದೆ. ಒಂದೊಂದು ಮನೆಯದ್ದು ಒಂದೊಂದು ತುಂಡು, ಎಲ್ಲ ಸೇರಿಸಿ ಕಟ್ಟಿದ್ದು ಎಂದಳು. ಎಲ್ಲರೂ ಎಳೆಯುವವರೇ. ನಿಂತು ನೋಡುವವನು, ಹುಕುಂ ಮಾಡುವವನು ಒಬ್ಬನೂ ಇಲ್ಲ.

ನನ್ನ ತಲೆಗೆ ಕ್ಲಾಸಿನ ಬೆಂಚುಗಳು ಬಂದವು. ಮೂವತ್ತೊಂಬತ್ತು ಮಕ್ಕಳು, ಮೂರು ಮೂರು ಜನ. ಹದಿಮೂರು ಬೆಂಚು!

ವಾರಿಜಾಳ ಹತ್ತಿರ ಹಳೆಯ ಬಲೆಯ ತುಂಡು ಸಿಗಬಹುದಾ ಎಂದು ಕೇಳಿದೆ. ಅವಳ ಮನೆಯ ಹಿಂದೆ ರಾಶಿ ಉಂಟಂತೆ.

ತಪ್ಪು ಮಾಡುತ್ತಿದ್ದೇನೋ ಏನೋ. ಹೆಡ್‌ಮಾಸ್ಟ್ರು ಓದಿಸಿ ಎಂದಿದ್ದಾರೆ, ಆಟ ಆಡಿಸಿ ಎಂದು ಹೇಳಲಿಲ್ಲ.

೨೬ ನವೆಂಬರ್, ಸೋಮವಾರ

ಮೈದಾನಕ್ಕೆ ಕರೆದುಕೊಂಡು ಹೋದೆ. ಬೆಂಚಿಗೊಂದು ತುಂಡು ಬಲೆ, ಬೆಂಚಿಗೊಂದು ರಾಜ್ಯದ ಹೆಸರು. ತುಂಡುಗಳನ್ನು ಸೇರಿಸಿ ಕಟ್ಟಿ, ಸುತ್ತ ನಿಂತು ಹಿಡಿದುಕೊಂಡು, ನಾನು ಎಸೆಯುವ ವಾಲಿಬಾಲನ್ನು ನೆಲಕ್ಕೆ ಬೀಳದ ಹಾಗೆ ಹಿಡಿಯಬೇಕು. ಕಟ್ಟಳೆ ಮೂರು. ಯಾರೂ ಯಾರಿಗೂ ಅಪ್ಪಣೆ ಮಾಡುವ ಹಾಗಿಲ್ಲ. ಯಾವ ಬೆಂಚು ಬೇಕಾದರೂ ತನ್ನ ಗಂಟು ಬಿಚ್ಚಿಕೊಳ್ಳಬಹುದು. ಕಟ್ಟಳೆ ಬದಲಿಸಬೇಕಾದರೆ ಹದಿಮೂರು ಬೆಂಚೂ ಒಪ್ಪಬೇಕು.

ಐದು ನಿಮಿಷ ಬಹಳ ಚಂದ. ಆಮೇಲೆ ವರ್ಜೀನಿಯಾ ನ್ಯೂಯಾರ್ಕಿನ ಕಾಲು ತುಳಿಯಿತು. ನ್ಯೂಯಾರ್ಕ್ ಗಂಟು ಬಿಚ್ಚಿಕೊಂಡು ಹೋಗಿ ಬೇಲಿಯ ಮೇಲೆ ಕೂತಿತು. ಚೆಂಡು ಆ ತೂತಿನಲ್ಲಿ ಬಿತ್ತು. ಚೆಂಡು ಮೇಲಿರುವಾಗ ಯಾರೂ ಬಿಚ್ಚಬಾರದು ಎಂದು ಹೊಸ ಕಟ್ಟಳೆ ಮಾಡೋಣ ಎಂದಳು ವಾರಿಜಾ. ಹನ್ನೆರಡು ಬೆಂಚು ಕೈ ಎತ್ತಿತು. ಹಿಂದಿನ ಬೆಂಚಿನ ಜೆಸ್ಸಿ ಸೊಂಟಕ್ಕೆ ಕೈ ಕೊಟ್ಟು, “ರೋಡ್ ಐಲೆಂಡ್ ಒಪ್ಪುವುದಿಲ್ಲ” ಎಂದಳು.

ಯಾಕೆ ಮಾರಾಯ್ತಿ ಎಂದು ಎಲ್ಲರೂ ಬೇಡಿದರು. ಅವಳಿಗೆ ಕಾರಣವೇ ಇಲ್ಲ. ಒಪ್ಪದೆ ಇರಬಹುದು ಎಂಬುದೇ ಅವಳಿಗೆ ಸಂತೋಷ. ಮತ್ತೆ ಚೆಂಡು ಬಿತ್ತು. ಮತ್ತೆ ಕೈ ಎತ್ತಿದರು. ರೋಡ್ ಐಲೆಂಡ್ ಒಪ್ಪುವುದಿಲ್ಲ. ನಾಲ್ಕನೇ ಸಲಕ್ಕೆ ಮೈದಾನವೇ ಯುದ್ಧಭೂಮಿ. ಇಷ್ಟು ಹೊತ್ತೂ ನಾನು ನಗುತ್ತಿದ್ದೆ ಎಂದು ಈಗ ಬರೆಯುವಾಗ ನೆನಪಾಗುತ್ತಿದೆ.

ಬೆಲ್ ಆಗುವಾಗ ಒಂದು ಮಾತು ಸೇರಿಸಿದೆ. ನಿಮ್ಮ ರಂಪಣಿಯೂ ಹೀಗೆಯೇ, ತುಂಡು ತುಂಡು ಕಟ್ಟಿದ್ದು, ಯಜಮಾನ ಇಲ್ಲ. ಅಮೆರಿಕದ ಮೊದಲ ಸಂವಿಧಾನ ಎಂದರೆ ರಂಪಣಿ ಎಂದು ತಿಳಿದುಕೊಳ್ಳಿ.

ವಾರಿಜಾ ನಗಲಿಲ್ಲ. ಬಲೆಯ ತುಂಡುಗಳನ್ನು ಒಂದೊಂದಾಗಿ ಮಡಚಿ ತೆಗೆದುಕೊಂಡು ಹೋದಳು.

೨೮ ನವೆಂಬರ್, ಬುಧವಾರ

ವಾರಿಜಾಳ ಅಜ್ಜ ನಾಳೆ ಶಾಲೆಗೆ ಬರುತ್ತಾರಂತೆ. ಸಿಟ್ಟಿನಲ್ಲಿದ್ದಾರಂತೆ. ಹೆಡ್‌ಮಾಸ್ಟ್ರಿಗೂ ಗೊತ್ತಾಗಿದೆ.

ಅನ್ನ ಸೇರಲಿಲ್ಲ. ಕೆಲಸ ಹೋಗುತ್ತದೆ. ಹೇಗೆ ಆಯಿತು ಎಂದು ಕೇಳುತ್ತಾರೆ, ಎಷ್ಟು ಓದಿದ್ದೀರಿ ಎಂದು ಕೇಳುತ್ತಾರೆ, ಅಲ್ಲಿಗೆ ಎಲ್ಲ ಮುಗಿಯಿತು. ನಮ್ಮ ಅಮ್ಮ, ಮಾಂಯ್, ಅಡಿಗೆ ಮನೆಯಿಂದಲೇ ಕೇಳಿದರು, ನೀನು ಯಾರನ್ನಾದರೂ ಕೊಂದಿದ್ದೀಯಾ ಎಂದು. ಇಲ್ಲ ಎಂದೆ. ಹಾಗಾದರೆ ಊಟ ಮಾಡು ಎಂದರು.

೨೯ ನವೆಂಬರ್, ಗುರುವಾರ

ಎಲ್ಲವನ್ನೂ ಬರೆದಿಡಬೇಕು. ಒಂದು ಮಾತೂ ಬಿಟ್ಟುಹೋಗಬಾರದು.

ವಾರಿಜಾಳ ಅಜ್ಜ ಗಣಪಜ್ಜ ಬಂದರು. ಎಪ್ಪತ್ತೈದರ ಮೇಲಿರಬೇಕು. ಒಗೆದ ಬಿಳಿ ಮುಂಡು, ಹೆಗಲ ಮೇಲೆ ಬೈರಾಸು, ಅಂಗೈ ಹಗ್ಗ ಎಳೆದೆಳೆದು ಮರದ ಹಾಗೆ ಆಗಿದೆ. ಹೆಡ್‌ಮಾಸ್ಟ್ರು ಆಫೀಸಿನಲ್ಲಿ ಕುರ್ಚಿ ಹಾಕಿದರು. ಅವರು ಕೂರಲಿಲ್ಲ. ಮಕ್ಕಳ ಎದುರು ಹೇಳಿದ್ದಕ್ಕೆ ಮಕ್ಕಳ ಎದುರೇ ಮಾತಾಡಬೇಕು ಎಂದರು. ಹೆಡ್‌ಮಾಸ್ಟ್ರು ನನ್ನ ಮುಖ ನೋಡಿದರು. ಕ್ಲಾಸಿಗೇ ಕರೆದುಕೊಂಡು ಹೋದೆ.

ಅವರಿಗೆ ಕನ್ನಡ ಅಷ್ಟು ಬಾರದು, ಅರ್ಧ ತುಳುವಿನಲ್ಲಿಯೇ ಹೇಳಿದರು. “ರಂಪಣಿಗೆ ಯಜಮಾನ ಇಲ್ಲ ಎಂದು ಹೇಳಿದ್ದು ಈ ಬಾಯಿಯಾ?” ಎಂದು ಕೇಳಿದರು. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಅವರು ಬಾಯಿ ಎಂದೇ ಕರೆಯುವುದು. ಹೌದು ಎಂದೆ. ದಡದಲ್ಲಿ ನಿಂತು ನೋಡಿದೆ ಅಜ್ಜ, ಎಲ್ಲರೂ ಎಳೆಯುತ್ತಿದ್ದರು, ಯಜಮಾನ ಕಾಣಲಿಲ್ಲ ಎಂದೆ.

“ಯಜಮಾನನೂ ಎಳೆಯುತ್ತಾನೆ. ಅದಕ್ಕೇ ನಿಮಗೆ ಕಾಣಲಿಲ್ಲ.”

ನನಗೆ ಕೆಮ್ಮು ಬರಬೇಕಿತ್ತು, ಬರಲಿಲ್ಲ. “ನನಗೆ ಗೊತ್ತಿರಲಿಲ್ಲ ಅಜ್ಜ. ಗೊತ್ತಿಲ್ಲದೆ ಹೇಳಿದೆ, ತಪ್ಪಾಯಿತು. ಸರಿಯಾದದ್ದು ಎಂತ ಎಂದು ನೀವೇ ಹೇಳಿ” ಎಂದೆ. ಅವರು ಇನ್ನೂ ದೊಡ್ಡ ಜಗಳಕ್ಕೆ ಸಿದ್ಧವಾಗಿ ಬಂದಿದ್ದರು ಎಂದು ಕಾಣುತ್ತದೆ. ಹೋಗಿ ಮುಂದಿನ ಬೆಂಚಿನಲ್ಲಿ ಮಕ್ಕಳ ಪಕ್ಕ ಕೂತರು. ಈಗ ದೊಡ್ಡ ಮೆಶಿನು ದೋಣಿ ಬಂದಿವೆ, ಬರುವ ವರ್ಷ ನಮ್ಮ ಬಲೆ ಇರುತ್ತದೋ ಇಲ್ಲವೋ, ಆದರೆ ಒಗ್ಗಟ್ಟಿಲ್ಲದೆ ಹೋಯಿತು ಎಂದು ಮಕ್ಕಳು ಕಲಿಯಬಾರದು, ಅದಕ್ಕೆ ಬಂದೆ ಎಂದರು. ಆಮೇಲೆ ಹೇಳಿದ್ದು ಇದು.

ಅವರ ಅಪ್ಪನ ಕಾಲದಲ್ಲಿ ಎಲ್ಲರೂ ಒಬ್ಬ ಧಣಿಯ ಬಲೆ ಎಳೆಯುತ್ತಿದ್ದರು. ಬಲೆ ಅವನದ್ದು, ಮೀನಿನಲ್ಲಿ ಅರ್ಧ ಅವನದ್ದು, ಬಾಯಿ ತೆಗೆದವನನ್ನು ಮರುದಿನ ದೋಣಿಗೆ ಹತ್ತಿಸುತ್ತಿರಲಿಲ್ಲ. ಒಂದು ವರ್ಷ ಎಲ್ಲರೂ ಸೇರಿ ಬಿಟ್ಟು ಬಂದರು. ಮನೆಗೊಂದು ತುಂಡು ಹೆಣೆದು, ಸೇರಿಸಿ ಕಟ್ಟಿ, ತಮ್ಮದೇ ರಂಪಣಿ ಮಾಡಿದರು. ಆಗ ಮಾಡಿದ ಕಟ್ಟಳೆ, ನಮ್ಮೊಳಗೆ ಯಜಮಾನ ಬೇಡ. ನನ್ನ ತುಂಡು ನನ್ನದು, ಬೇಡವಾದ ದಿನ ಬಿಚ್ಚಿಕೊಂಡು ಹೋಗುವೆ. ಧಣಿಯ ಹೆದರಿಕೆ ಅಷ್ಟಿತ್ತು.

ಮೂರು ವರ್ಷ ನಡೆಯಿತು. ನಾಲ್ಕನೇ ವರ್ಷ ಬಂಗುಡೆಯ ದೊಡ್ಡ ಹಿಂಡು ಬಲೆಗೆ ಬಿತ್ತು. ಹಾಗೆ ಬಿದ್ದದ್ದನ್ನು ಯಾರೂ ನೋಡಿರಲಿಲ್ಲ. ಬಲೆ ಇನ್ನೂ ಸೊಂಟ ನೀರಿನಲ್ಲಿತ್ತು. ಆಗ ಎರಡು ಮನೆಯವರಿಗೆ ಹಗ್ಗದ ಜಾಗಕ್ಕೆ ಜಗಳವಾಯಿತು. ಒಬ್ಬ ಸಿಟ್ಟಿನಲ್ಲಿ ನೀರಿಗೆ ಇಳಿದು, ಚೂರಿ ತೆಗೆದು, ತನ್ನ ತುಂಡಿನ ಎರಡೂ ಗಂಟು ಕತ್ತರಿಸಿ ತೆಗೆದುಕೊಂಡು ಹೋದ. ಕಣ್ಣ ಮುಂದೆಯೇ ಎಲ್ಲ ಮೀನು ಆ ತೂತಿನಲ್ಲಿ ಕಡಲಿಗೆ ಹೋಯಿತು.

ಅವನಿಗೆ ಹೊಡೆದರಾ ಅಜ್ಜ ಎಂದು ಯಾರೋ ಕೇಳಿದರು.

“ಇಲ್ಲ. ಹೇಗೆ ಹೊಡೆಯುವುದು? ಕಟ್ಟಳೆ ಪ್ರಕಾರ ಅವನು ಮಾಡಿದ್ದು ತಪ್ಪಲ್ಲ. ತುಂಡು ಅವನದ್ದೇ. ಕಟ್ಟಳೆಯಲ್ಲೇ ತೂತು ಇತ್ತು.”

ಆಮೇಲೆ ಅವರು ಬೈರಾಸಿನಿಂದ ಮುಖ ಒರೆಸಿಕೊಂಡರು. ಮೊಮ್ಮಗಳ ಕಡೆ ನೋಡಲಿಲ್ಲ. “ಚೂರಿ ತೆಗೆದವನು ನನ್ನ ಅಪ್ಪ” ಎಂದರು.

ವಾರಿಜಾಳಿಗೂ ಗೊತ್ತಿರಲಿಲ್ಲ ಎಂದು ಅವಳ ಮುಖದಲ್ಲಿ ಕಂಡಿತು.

ಎಂಟು ದಿನ ಅವನು ಮನೆಯಿಂದ ಹೊರಗೆ ಬರಲಿಲ್ಲವಂತೆ. ಒಂಬತ್ತನೇ ದಿನ ತಾನೇ ಎಲ್ಲರನ್ನೂ ಕರೆದು ಹೇಳಿದನಂತೆ, ನನ್ನಂಥವನು ಇನ್ನೊಬ್ಬ ಹುಟ್ಟಿಯೇ ಹುಟ್ಟುತ್ತಾನೆ, ಅವನು ಹುಟ್ಟಿದರೂ ಬಲೆ ಉಳಿಯುವ ಹಾಗೆ ಕಟ್ಟಳೆ ಮಾಡಿ ಎಂದು. ಹಳೆಯದಕ್ಕೆ ತೇಪೆ ಹಾಕಲು ನೋಡಿದರು, ಆಗಲಿಲ್ಲ. ಹೊಸದೇ ಮಾಡಿದರು. ಮೀನಿನ ಕಾಲ ಸುರುವಾಗುವಾಗ ಕಟ್ಟಿದ ಗಂಟನ್ನು ಕಾಲ ಮುಗಿಯುವವರೆಗೆ ಯಾರೂ ಬಿಚ್ಚುವ ಹಾಗಿಲ್ಲ. ಯಜಮಾನ ಬೇಕು, ಆದರೆ ಅವನನ್ನು ಎಲ್ಲರೂ ಆರಿಸಬೇಕು, ಸರಿ ಇಲ್ಲದಿದ್ದರೆ ಮುಂದಿನ ಕಾಲಕ್ಕೆ ಬದಲಿಸಬೇಕು. ಮೀನು ಪಾಲು ಮಾಡುವ ಮೊದಲು ಒಟ್ಟಿನ ಖರ್ಚಿಗೆ ಒಂದು ಪಾಲು ಎತ್ತಿಡಬೇಕು. ಜಗಳ ಬಂದರೆ ದಡದಲ್ಲಿ ಅಲ್ಲ, ಕೂಟದಲ್ಲಿ. ಮುಂದೆ ಕಟ್ಟಳೆ ಬದಲಿಸಬೇಕಾದರೆ ನಾಲ್ಕರಲ್ಲಿ ಮೂರು ಪಾಲು ಜನ ಒಪ್ಪಿದರೆ ಸಾಕು.

ಚಾಕ್ ತೆಗೆದುಕೊಂಡು ಬೋರ್ಡಿನ ಒಂದು ಕಡೆ ಅಜ್ಜ ಹೇಳಿದ್ದನ್ನು, ಇನ್ನೊಂದು ಕಡೆ ಅಮೆರಿಕದ್ದನ್ನು ಬರೆದೆ. ಬರೆಯುವುದು ಮುಗಿಯುವ ಮೊದಲೇ ಮಕ್ಕಳು ಕೂಗಿ ಹೇಳುತ್ತಿದ್ದರು, ಯಜಮಾನ ಎಂದರೆ ಅಧ್ಯಕ್ಷ, ಎತ್ತಿಡುವ ಪಾಲು ಎಂದರೆ ತೆರಿಗೆ, ಕೂಟ ಎಂದರೆ ನ್ಯಾಯಾಲಯ. ವಾರಿಜಾ ಎದ್ದು, ಅವರು ಬುದ್ಧಿ ಇಲ್ಲದವರಲ್ಲ ಟೀಚರ್, ಮೊದಲನೆಯದು ಧಣಿಗೆ ಹೆದರಿ ಮಾಡಿದ್ದು, ಎರಡನೆಯದು ತಮ್ಮನ್ನು ತಾವೇ ನೋಡಿ ಮಾಡಿದ್ದು ಎಂದಳು. ಅವಳ ಪ್ರಶ್ನೆಗೆ ಅವಳೇ ಉತ್ತರ ಹೇಳಿದಳು!

ಗಣಪಜ್ಜ ಬೋರ್ಡನ್ನೇ ನೋಡುತ್ತಿದ್ದರು. ಓದಲು ಬರುವುದಿಲ್ಲ. ಆ ಅಮೆರಿಕದವರು ನಮ್ಮಿಂದ ಕಲಿತದ್ದಾ ಎಂದು ಕೇಳಿದರು. ಇಲ್ಲ ಅಜ್ಜ, ಅವರದ್ದು ನಿಮಗಿಂತ ನೂರು ವರ್ಷ ಮೊದಲೇ ಆದದ್ದು ಎಂದೆ.

“ಹಾಗಾದರೆ ನಮ್ಮವರು ಯಾರನ್ನೂ ಕೇಳದೆ ಮಾಡಿದ್ದು. ಅದು ಇನ್ನೂ ದೊಡ್ಡದು ಅಲ್ವಾ?”

ದೊಡ್ಡದೇ ಎಂದೆ. ನಾನು ಅವರ ಖುಷಿಗೆ ಹೇಳಿದ್ದಲ್ಲ.

೨ ಡಿಸೆಂಬರ್, ಭಾನುವಾರ

ಮಣಿಪಾಲ. ಎಲ್ಲ ಹೇಳಿದೆ. ಮಾಸ್ಟ್ರು ಕಣ್ಣು ಮುಚ್ಚಿ ಕೇಳಿದರು. ಹದಿನೆಂಟು ವರ್ಷ ಈ ಪಾಠ ಮಾಡಿದ್ದೇನೆ, ಗಣಪಜ್ಜನ ಮನೆಯ ಮುಂದೆಯೇ ಸೈಕಲಿನಲ್ಲಿ ಹೋಗಿದ್ದೇನೆ, ಒಂದು ದಿನವೂ ಇಳಿದು ಕೇಳಲಿಲ್ಲ ಎಂದರು. ಇಷ್ಟು ದೊಡ್ಡ ಮಾಸ್ಟ್ರು ನನ್ನಂಥವಳ ಎದುರು ಹಾಗೆ ಹೇಳಬೇಕಾದರೆ ಅವರ ಮನಸ್ಸು ಎಷ್ಟು ದೊಡ್ಡದಿರಬೇಕು.

ಪಕ್ಕದ ಕಾರ್ಕಳದ ಮುದುಕರು, ಬಂಗುಡೆ ಎಷ್ಟು ಹೋಯಿತು ಎಂದು ಮೂರು ಸಲ ಕೇಳಿದರು.

೧೪ ಡಿಸೆಂಬರ್, ಶುಕ್ರವಾರ

ಪಾಠ ಮುಗಿದು ಫ್ರಾನ್ಸಿಗೆ ಬಂದಿದ್ದೇವೆ. ಇಲೆಕ್ಷನ್ ಜೀಪಿನ ಮೈಕಿನ ಗಲಾಟೆಯಲ್ಲಿ ಒಂದೂ ಕೇಳುವುದಿಲ್ಲ, ಕಿಟಕಿ ಮುಚ್ಚಿಸಿದೆ. ಅಮೆರಿಕದವರೂ ಹೀಗೆಯೇ ಕೂತದ್ದು ಎಂದಳು ಜೆಸ್ಸಿ. ಸ್ಟಾಫ್ ರೂಮಿನಲ್ಲಿ ಡ್ರಿಲ್ ಮಾಸ್ಟ್ರ ಹತ್ತಿರ ವಾಲಿಬಾಲಿಗೆ ಗಾಳಿ ಹಾಕಿಸುವ ವಿಷಯದಲ್ಲಿ ಸ್ವಲ್ಪ ಜೋರಾಗಿಯೇ ಮಾತಾಡಿದೆ.

ಏಳೂವರೆಯ ಬಸ್ಸು ತಪ್ಪಿತು. ಎಂಟೂಕಾಲಿನದ್ದರಲ್ಲಿ ಸೀಟು ಸಿಗುತ್ತದೆ.

೧೭ ಜನವರಿ ೧೯೮೦, ಗುರುವಾರ

ಇನ್‌ಸ್ಪೆಕ್ಷನ್ ಆಯಿತು.

ಇನ್‌ಸ್ಪೆಕ್ಟರು ಎಂಟನೇ ಕ್ಲಾಸಿಗೆ ಬಂದದ್ದು ಮೂರನೇ ಪಿರಿಯಡ್‌ನಲ್ಲಿ, ಜೊತೆಗೆ ಹೆಡ್‌ಮಾಸ್ಟ್ರು. ಅಮೆರಿಕ ತನ್ನ ಮೊದಲ ಸಂವಿಧಾನವನ್ನು ಯಾಕೆ ಬದಲಿಸಿತು ಎಂದೇ ಕೇಳಿದರು. ಇಡೀ ಪುಸ್ತಕದಲ್ಲಿ ಅವರಿಗೆ ಸಿಕ್ಕಿದ್ದು ಅದೇ ಪುಟ. ಮೂವತ್ತೊಂಬತ್ತು ಕೈಯೂ ಮೇಲೆ.

ವಾರಿಜಾ ಹೇಳಿದಳು. ರಾಜನ ಹೆದರಿಕೆ, ತೆರಿಗೆ ಇಲ್ಲದ್ದು, ಒಬ್ಬ ಒಪ್ಪದಿದ್ದರೆ ಎಲ್ಲ ನಿಲ್ಲುವುದು, ಎಲ್ಲ ಸರಿಯಾಗಿ. ಕೊನೆಗೆ, ನಮ್ಮ ಮುತ್ತಜ್ಜ ಬಲೆ ಕತ್ತರಿಸಿದ ಹಾಗೆ ಸರ್ ಎಂದು, ಆ ಕತೆಯನ್ನೂ ತಲೆ ಎತ್ತಿಕೊಂಡು ಹೇಳಿದಳು. ಇನ್‌ಸ್ಪೆಕ್ಟರು ಪುಸ್ತಕ ತಿರುವಿ ನೋಡಿದರು. ಇದು ಯಾವ ಪುಸ್ತಕದಲ್ಲಿ ಉಂಟು ಎಂದು ನನ್ನನ್ನು ಕೇಳಿದರು. ಪುಸ್ತಕದಲ್ಲಿ ಇಲ್ಲ ಸರ್, ದಡದಲ್ಲಿ ಉಂಟು ಎಂದೆ. ಅವರಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ.

ಆಮೇಲೆ ಕೇಳಿದರು. ಐದು ವರ್ಷದಿಂದ ನಾನು ಕಾದದ್ದನ್ನೇ ಕೇಳಿದರು. ನಿಮ್ಮ ವಿದ್ಯಾರ್ಹತೆ ಎಂತ ಎಂದು.

ಹೆಡ್‌ಮಾಸ್ಟ್ರು ನಡುವೆ ಬಂದು, ಅವರಿಗೆ ಟ್ರೈನಿಂಗ್ ಆಗಿದೆ ಸರ್ ಎಂದರು. ನನ್ನನ್ನು ಉಳಿಸಲೆಂದೇ ಹೇಳಿದ್ದು. ಸುಮ್ಮನಿದ್ದರೆ ಆಗುತ್ತಿತ್ತು. ನನ್ನ ಕಣ್ಣಿಗೆ ಮುಂದಿನ ಬೆಂಚು ಕಂಡಿತು, ಅಜ್ಜ ಕೂತಿದ್ದ ಜಾಗ.

“ಹೊಲಿಗೆಯ ಟ್ರೈನಿಂಗ್ ಸರ್. ಎಸ್‌ಎಸ್‌ಎಲ್‌ಸಿ ಫೇಲ್. ಎರಡು ಸಲ.”

ಮಕ್ಕಳ ಕಡೆ ನೋಡಲಿಲ್ಲ. ಇನ್‌ಸ್ಪೆಕ್ಟರು ಏನೋ ಬರೆದುಕೊಂಡರು. ಅವರು ಹೋದ ಮೇಲೆ ಪಿರಿಯಡ್ ಇನ್ನೂ ಇಪ್ಪತ್ತು ನಿಮಿಷ ಇತ್ತು. ಫ್ರಾನ್ಸಿನ ಪಾಠ ಮುಂದುವರಿಸಿದೆ. ಎಂತ ಹೇಳಿದೆ ಎಂದು ನೆನಪಿಲ್ಲ.

ಮಾಂಯ್‌ಗೆ ಹೇಳಿದೆ. ಕೊನೆಗೂ ಹೇಳಿದೆಯಾ, ಇನ್ನಾದರೂ ರಾತ್ರಿ ಹಲ್ಲು ಕಡಿಯುವುದನ್ನು ನಿಲ್ಲಿಸು ಎಂದರು.

೧೮ ಜನವರಿ, ಶುಕ್ರವಾರ

ಹೆಡ್‌ಮಾಸ್ಟ್ರು ವಿಸಿಟ್ ಪುಸ್ತಕ ತೋರಿಸಿದರು. ಅರ್ಹತೆ ಇಲ್ಲದವರಿಂದ ಸಮಾಜ ಪಾಠ ಮಾಡಿಸಕೂಡದು, ಕೂಡಲೇ ಬೇರೆ ವ್ಯವಸ್ಥೆ ಆಗಬೇಕು ಎಂದು ಬರೆದಿದ್ದಾರೆ. ಅದರ ಕೆಳಗೆ, ಎಂಟನೇ ತರಗತಿಯ ಮಕ್ಕಳ ಉತ್ತರ ಈ ವರ್ಷ ತಾಲೂಕಿನಲ್ಲಿ ಕೇಳಿದ್ದರಲ್ಲೆಲ್ಲ ಉತ್ತಮ ಎಂದೂ ಬರೆದಿದ್ದಾರೆ. ಎರಡೂ ಒಂದೇ ಕೈಬರಹ. ಮೊದಲನೆಯದು ನ್ಯಾಯವೇ. ಎರಡನೆಯದನ್ನು ನಾನು ನಾಲ್ಕು ಸಲ ಓದಿದೆ.

ಹೊಲಿಗೆ ಕೆಲಸಕ್ಕೆ ತೊಂದರೆ ಇಲ್ಲವಂತೆ. ಮೊದಲೇ ಹೇಳಬಾರದಾ ಟೀಚರೇ ಎಂದರು ಹೆಡ್‌ಮಾಸ್ಟ್ರು. ಹೇಳಿದ್ದರೆ ನೀವು ಕಳಿಸುತ್ತಿದ್ದಿರಾ ಎಂದು ಕೇಳಿದೆ. ಅವರು ಕೆಮ್ಮಿದರು.

ಹಾಜರಿ ಪುಸ್ತಕ ತರಲು ಕೊನೆಯ ಸಲ ಎಂಟನೇ ಕ್ಲಾಸಿಗೆ ಹೋದೆ. ಮಕ್ಕಳು ಬಾಗಿಲು ಹಾಕಿಕೊಂಡು ಕೂಟ ಸೇರಿದ್ದರು. ವಾರಿಜಾ ಎದ್ದು ಓದಿದಳು: ಒಲಿಂಡಾ ಟೀಚರು ಮೂರನೇ ಸಲ ಪರೀಕ್ಷೆಗೆ ಕೂರಬೇಕು ಎಂದು ನಾವು ಎಂಟನೇ ಕ್ಲಾಸಿನ ಜನರು ತೀರ್ಮಾನಿಸಿದ್ದೇವೆ. ಒಂಬತ್ತು ಬೆಂಚು ಒಪ್ಪಿದರೆ ಸಾಕು ಎಂದು ಅವರೇ ಕಟ್ಟಳೆ ಮಾಡಿದ್ದರು, ಹೊಸ ಸಂವಿಧಾನ ಜಾರಿಗೆ ಬಂದದ್ದೂ ಹಾಗೆಯೇ ಎಂದು ನಾನೇ ಕಲಿಸಿದ್ದು. ಕೈ ಎಣಿಸಿದರು. ಹನ್ನೆರಡು.

ಎಲ್ಲರೂ ಹಿಂದೆ ತಿರುಗಿದರು. ಜೆಸ್ಸಿ ಸೊಂಟಕ್ಕೆ ಕೈ ಕೊಟ್ಟುಕೊಂಡು ಬಹಳ ಹೊತ್ತು ಛಾವಣಿ ನೋಡಿದಳು.

“ಫೇಲಾದರೆ ನಾಲ್ಕನೇ ಸಲವೂ ಕೂರಬೇಕು ಎಂದು ಸೇರಿಸಿದರೆ ರೋಡ್ ಐಲೆಂಡ್ ಒಪ್ಪುತ್ತದೆ.”

ಸೇರಿಸಿದರು.

೧೪ ಜುಲೈ ೧೯೮೦, ಸೋಮವಾರ

ಸ್ಟ್ಯಾನಿಸ್ಲಾಸ್ ಮಾಸ್ಟ್ರು ಕೋಲು ಹಿಡಿದುಕೊಂಡೇ ಬರುತ್ತಾರೆ. ಸೈಕಲು ಮಾರಿದರು. ಈಗ ಕಡಲ ಕರೆಯ ದಾರಿಯಲ್ಲಿ ನಡೆದು ಬರುತ್ತಾರೆ, ಗಣಪಜ್ಜನ ಮನೆಯ ಹತ್ತಿರ ಕೂತು ಹೊರಡುವಾಗ ದಿನಾ ಬೆಲ್ ಆಗಿರುತ್ತದೆ. ಹತ್ತನೇ ಕ್ಲಾಸಿನ ಕೊನೆಯ ಬೆಂಚಿನಲ್ಲಿ, ಹೊಲಿಗೆ ಇಲ್ಲದ ಪಿರಿಯಡ್‌ಗಳಲ್ಲಿ ನಾನು ಕೂರುತ್ತೇನೆ. ಮಕ್ಕಳು ಮೊದಲ ಎರಡು ದಿನ ನಕ್ಕರು. ಈಗ ಲೆಕ್ಕದ ಪುಸ್ತಕ ನನ್ನ ಕಡೆ ಜಾರಿಸುತ್ತಾರೆ. ಅರ್ಥವಾಗದಾಗ ಕೈ ಎತ್ತಿ ಕೇಳುವುದರಲ್ಲಿ ನಾನೇ ಹೆಚ್ಚು ಎಂದು ಮಾಸ್ಟ್ರು ತಮಾಷೆ ಮಾಡಿದರು.

ಅಕ್ಟೋಬರ್ ಪರೀಕ್ಷೆಯ ಫಾರಂ ಬಂದಿದೆ. ಹಿಂದಿನ ಎರಡು ಸಲದ ನಂಬರು, ವರ್ಷ ಎಲ್ಲ ಬರೆಯಬೇಕು. ಫಾರಂ ಹಾಳಾಗಬಾರದೆಂದು ಮೊದಲು ಬೇರೆ ಕಾಗದದಲ್ಲಿ ಬರೆದು ನೋಡೋಣ ಎಂದರೆ ಮನೆಯಲ್ಲಿ ಒಂದು ಖಾಲಿ ಹಾಳೆಯೂ ಇಲ್ಲ. ಕಟ್ಟಳೆ ಬರೆದಿದ್ದ ಈ ಪುಸ್ತಕದ ಮೊದಲ ಹಾಳೆಯ ಹಿಂದುಗಡೆ ಖಾಲಿ ಇತ್ತು. ಅದನ್ನೇ ಹರಿದು ತೆಗೆದು ಬರೆದೆ. ಹೆಸರು, ಒಲಿಂಡಾ. ಶಿಕ್ಷಣ, ಮುಂದುವರಿದಿದೆ.